ಒಳಗೇನಿದೆ ಎಂದು ಕೇಳಿದವರಿಗೆ

ಮೂಟೆ ಹೊರುವವರಿಗೂ ಗೋದಾಮಿನ ಕೆಲಸಗಾರರಿಗೂ ರಸಾಯನಶಾಸ್ತ್ರ ಗೊತ್ತಿರಬೇಕಿಲ್ಲ. ಅದು ಗೊತ್ತಿರುವವರು ವಿಶ್ವವಿದ್ಯಾಲಯದಲ್ಲಿದ್ದಾರೆ. ಅಪಾಯಕಾರಿ ವಸ್ತುವೊಂದು ಕ್ಯಾಂಪಸ್ಸಿನ ಗೇಟು ದಾಟುವಾಗ ಆ ತಿಳಿವಳಿಕೆಯೂ ಜೊತೆಗೆ ಹೋಗುತ್ತದೆಯೇ?

ಆಗ ನಾನು ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಹೊಳೆ ಹಳ್ಳಗಳಲ್ಲಿ ಹಿಡಿದ ಸಣ್ಣ ಮೀನುಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿಟ್ಟಿದ್ದೆವು. ಅವು ಯಾವ ಜಾತಿಯವೆಂದು ಗುರುತಿಸಲು ಬೇರೊಂದು ಊರಿನ ತಜ್ಞರಿಗೆ ಕಳಿಸಬೇಕಿತ್ತು. ನಾಲ್ಕು ಪ್ಲಾಸ್ಟಿಕ್ ಬಾಟಲಿ, ಸುತ್ತ ಹಳೆ ಪೇಪರು, ಮೇಲೊಂದು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ, ಅದಕ್ಕೆ ಸುತ್ತಲೂ ಸೆಣಬಿನ ಹುರಿ. ರಾತ್ರಿ ಒಂಬತ್ತೂವರೆಯ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು, ಬೆಳಿಗ್ಗೆ ಆ ಕಡೆ ಯಾರೋ ಬಂದು ಇಳಿಸಿಕೊಳ್ಳುತ್ತಾರೆ ಎಂದೆ. ನಮ್ಮಲ್ಲಿ ಊರಿಂದೂರಿಗೆ ಸಾಮಾನು ಹೋಗುವುದೇ ಹಾಗೆ.

‘ಏನಿದೆ ಇದ್ರಲ್ಲಿ?’ ಅಂತ ಕೇಳಿದರು.

‘ಏನಿಲ್ಲ ಅಣ್ಣ, ಕಾಲೇಜಿಂದು’ ಅಂದೆ.

‘ಒಡೆಯೋದೇನೂ ಅಲ್ವಲ್ಲ?’

‘ಅಲ್ಲಣ್ಣ.’

ಅವರು ಪೆಟ್ಟಿಗೆಯನ್ನು ತಮ್ಮ ಪಕ್ಕದ ಇಂಜಿನ್ ಬಾನೆಟ್ಟಿಗೆ ಒತ್ತಿಕೊಂಡಂತೆ ಇಟ್ಟರು. ಅಲ್ಲಿದ್ದರೆ ಉರುಳುವುದಿಲ್ಲ ಎಂಬುದು ಅವರ ಕಾಳಜಿ. ಆಮೇಲೆ ಎದುರಿನ ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಕೈಮುಗಿದು, ಬಸ್ಸು ಹೊರಡಿಸಿದರು. ಸ್ಪಿರಿಟ್ಟಿನ ಆವಿ ನಮ್ಮ ಸಾಮಾನ್ಯ ಕೋಣೆಯ ಶಾಖಕ್ಕೇ ಕಿಡಿ ತಗುಲಿದರೆ ಹೊತ್ತಿಕೊಳ್ಳುವಂಥದ್ದು. ಬಾನೆಟ್ಟು ಕೈಯಿಡಲಾಗದಷ್ಟು ಬಿಸಿಯಾಗುತ್ತದೆ. ಅದರ ಮೇಲೆ ಊದುಬತ್ತಿಯ ಕೆಂಡ. ಇದನ್ನೆಲ್ಲ ನಾನು ಪರೀಕ್ಷೆಗೆ ಓದಿದ್ದೆ.

ಅನಾಹುತವೇನೂ ಆಗಲಿಲ್ಲ. ಎರಡು ಬಾಟಲಿ ಸೋರಿದ್ದವು. ರಾತ್ರಿಯಿಡೀ ವಾಸನೆಗೆ ತಲೆ ಸಿಡಿಯಿತೆಂದು ಡ್ರೈವರ್ ಹೇಳಿದರಂತೆ; ಮುಂದಿನ ಸಾಲಿನವರು ಚಳಿಯಲ್ಲೂ ಕಿಟಕಿ ತೆಗೆದುಕೊಂಡೇ ಕುಳಿತಿದ್ದರಂತೆ. ‘ಏನಿಲ್ಲ’ ಎಂದ ನನ್ನ ಮಾತನ್ನು ನಂಬಿ ಒಂದು ಬಸ್ಸು ಜನ ಇಡೀ ರಾತ್ರಿ ಪ್ರಯಾಣ ಮಾಡಿದ್ದರು. ಇಷ್ಟು ವರ್ಷಗಳಾದರೂ ಆ ಮಾತು ನನ್ನ ಗಂಟಲಲ್ಲಿ ಮುಳ್ಳಿನಂತೆ ಇದೆ.

ಮಾಯಾಪುರಿಯ ಪಾಠ

ನನ್ನ ಅದೃಷ್ಟ ಚೆನ್ನಾಗಿತ್ತು. ದೆಹಲಿಯ ಮಾಯಾಪುರಿಯ ಗುಜರಿ ಕೆಲಸಗಾರರಿಗೆ ಆ ಅದೃಷ್ಟವಿರಲಿಲ್ಲ.

ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ 1960ರ ದಶಕದ ಕೊನೆಯಲ್ಲಿ ಕೆನಡಾದಿಂದ ಒಂದು ಗಾಮಾಸೆಲ್ ತರಿಸಿತ್ತು. ಪ್ರಯೋಗದ ವಸ್ತುಗಳಿಗೆ ಗಾಮಾ ಕಿರಣ ಹಾಯಿಸುವ ಯಂತ್ರವದು. ಒಳಗೆ ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹದ ಕಡ್ಡಿಗಳು, ಸುತ್ತ ದಪ್ಪನೆಯ ಸೀಸದ ಕವಚ. 1985ರಿಂದ ಅದನ್ನು ಯಾರೂ ಬಳಸಲಿಲ್ಲ. ಬಳಸುತ್ತಿದ್ದವರು ನಿವೃತ್ತರಾದರು, ಯಂತ್ರ ಮೂಲೆ ಸೇರಿತು, ಅದರೊಳಗೆ ಏನಿದೆಯೆಂಬ ನೆನಪು ವಿಭಾಗದಿಂದಲೇ ಅಳಿಸಿಹೋಯಿತು. 2010ರ ಫೆಬ್ರುವರಿಯಲ್ಲಿ ಹಳೆಯ ಸಾಮಾನುಗಳನ್ನು ಹರಾಜು ಹಾಕಿದಾಗ ಈ ಯಂತ್ರವೂ ಗುಜರಿ ವ್ಯಾಪಾರಿಗಳ ಪಾಲಾಗಿ ಮಾಯಾಪುರಿ ತಲುಪಿತು.

ಕವಚ ಭದ್ರವಾಗಿದ್ದಷ್ಟು ದಿನ ಅಪಾಯವಿರಲಿಲ್ಲ. ಆದರೆ ಗುಜರಿಯವರ ಕಸುಬೇ ಬಿಚ್ಚುವುದು. ಸೀಸಕ್ಕೆ ಒಳ್ಳೆಯ ಬೆಲೆಯಿದೆ. ಅದನ್ನು ಬಿಡಿಸಿದಾಗ ಒಳಗೆ ಹೊಳೆಯುವ ಲೋಹದ ಕಡ್ಡಿಗಳು ಸಿಕ್ಕವು. ಅವು ಕೈಯಿಂದ ಕೈಗೆ, ಅಂಗಡಿಯಿಂದ ಅಂಗಡಿಗೆ ಹೋದವು. ಒಬ್ಬರು ಒಂದು ಚೂರನ್ನು ಪರ್ಸಿನಲ್ಲಿಟ್ಟುಕೊಂಡು ಓಡಾಡಿದರು. ವಾಂತಿ, ಚರ್ಮ ಕಪ್ಪಾಗುವುದು, ಕೂದಲು ಉದುರುವುದು ಶುರುವಾಗಿ ಆಸ್ಪತ್ರೆ ಸೇರಿದಾಗಲೇ ಇದು ವಿಕಿರಣದ ಕೆಲಸವೆಂದು ವೈದ್ಯರಿಗೆ ಅನುಮಾನ ಬಂದದ್ದು. ಏಪ್ರಿಲ್‌ನಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ತಜ್ಞರು ಬಂದು ಮಾಪಕ ಹಿಡಿದು ಬೀದಿ ಬೀದಿ ಶೋಧಿಸಿದರು. ಏಳು ಮಂದಿ ತೀವ್ರ ವಿಕಿರಣಕ್ಕೆ ಒಳಗಾಗಿದ್ದರು. ಅವರಲ್ಲಿ ಒಬ್ಬ ಕಾರ್ಮಿಕರು ಅದೇ ತಿಂಗಳ ಕೊನೆಯಲ್ಲಿ ತೀರಿಕೊಂಡರು. ಅಂತರರಾಷ್ಟ್ರೀಯ ಪರಮಾಣು ಅವಘಡಗಳ ಏಳು ಮೆಟ್ಟಿಲ ಮಾಪನದಲ್ಲಿ ಇದು ನಾಲ್ಕನೆಯದರಲ್ಲಿ ನಿಂತಿತು.

ಕೋಬಾಲ್ಟ್-60ರ ತೀವ್ರತೆ ಪ್ರತಿ 5.27 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಸುಮಾರು ನಲವತ್ತು ವರ್ಷಗಳಲ್ಲಿ ಅದು ಮೂಲದ ಇನ್ನೂರನೇ ಒಂದು ಪಾಲಿನ ಆಸುಪಾಸಿಗೆ ಇಳಿದಿರಬೇಕು. ಆ ಪಾಲೇ ಒಂದು ಜೀವ ತೆಗೆಯಲು ಸಾಕಾಯಿತು.

ಇಂಥ ತೀವ್ರ ವಿಕಿರಣ ಮೂಲವನ್ನು ಸಾಗಿಸುವ ಪೆಟ್ಟಿಗೆ 9 ಮೀಟರ್ ಎತ್ತರದಿಂದ ಬಿದ್ದರೂ, 800 ಡಿಗ್ರಿ ಬೆಂಕಿಯಲ್ಲಿ ಅರ್ಧ ಗಂಟೆ ಬೆಂದರೂ ತಡೆದುಕೊಳ್ಳಬೇಕು ಎಂದು ನಿಯಮವಿದೆ. ಬಳಸಿ ಮುಗಿದ ಮೂಲ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆದು, ತಯಾರಿಸಿದವರಿಗೋ ಸರ್ಕಾರದ ಅಧಿಕೃತ ವಿಲೇವಾರಿ ಕೇಂದ್ರಕ್ಕೋ ಹೋಗಬೇಕು. ಈ ನಿಯಮಗಳು 2010ರಲ್ಲೂ ಇದ್ದವು. ಆದರೆ ‘ಇದು ವಿಕಿರಣಶೀಲ’ ಎಂದು ಹೇಳುವವರು ಯಾರಾದರೂ ಇದ್ದರಲ್ಲವೇ ನಿಯಮ ಕೆಲಸಕ್ಕೆ ಬರುವುದು! ಹರಾಜಿನವರ ಲೆಕ್ಕದಲ್ಲಿ ಅದು ತೂಕಕ್ಕೆ ಮಾರುವ ಹಳೆ ಕಬ್ಬಿಣ. ಅಲ್ಲೂ ‘ಏನಿಲ್ಲ.’

ಒಂಬತ್ತು ಗುಂಪು, ಒಂದೇ ಸ್ಟೋರು

ಕಾರ್ಖಾನೆಯೊಂದು ಕಳಿಸುವ ಸರಕು ಹೆಚ್ಚಾಗಿ ಒಂದೇ ಬಗೆಯದು. ಆಸಿಡ್ ಮಾಡುವವರು ಆಸಿಡ್ಡನ್ನೇ ಟ್ಯಾಂಕರುಗಟ್ಟಲೆ ಕಳಿಸುತ್ತಾರೆ; ಅದರ ಗುಣ ಅವಗುಣ ಅವರ ಡ್ರೈವರ್‌ಗೂ ಗೊತ್ತು. ವಿಶ್ವವಿದ್ಯಾಲಯದ ಕಥೆ ತಿರುಗುಮುರುಗು. ಪ್ರಮಾಣ ಅಂಗೈಯಷ್ಟು, ಬಗೆ ನೂರಾರು, ಕಳಿಸುವವರು ಪ್ರತಿ ಸಲವೂ ಹೊಸಬರು. ಈ ವರ್ಷ ಪಿಎಚ್‌.ಡಿ. ಮಾಡುವವರು ಮುಂದಿನ ವರ್ಷ ಅಲ್ಲಿರುವುದಿಲ್ಲ.

ಜಗತ್ತಿನಾದ್ಯಂತ ಅಪಾಯಕಾರಿ ಸರಕನ್ನು ವಿಶ್ವಸಂಸ್ಥೆಯ ತಜ್ಞರು ಗೊತ್ತುಮಾಡಿದ ಒಂಬತ್ತು ಗುಂಪುಗಳಲ್ಲಿ ವಿಂಗಡಿಸುತ್ತಾರೆ: ಸ್ಫೋಟಕ, ಅನಿಲ, ಹೊತ್ತಿಕೊಳ್ಳುವ ದ್ರವ, ಹೊತ್ತಿಕೊಳ್ಳುವ ಘನ, ಬೆಂಕಿಗೆ ಇಂಬು ಕೊಡುವ ಉತ್ಕರ್ಷಕ, ವಿಷ ಮತ್ತು ಸೋಂಕು, ವಿಕಿರಣ, ಸುಡುವ ಆಸಿಡ್ ಮತ್ತು ಕ್ಷಾರ, ಕೊನೆಗೆ ಇವ್ಯಾವುದಕ್ಕೂ ಸೇರದವು. ಸಾಧಾರಣ ವಿಜ್ಞಾನ ವಿಭಾಗದ ಒಂದು ಸ್ಟೋರ್ ರೂಮಿನಲ್ಲೇ ಇವುಗಳಲ್ಲಿ ಆರೇಳು ಗುಂಪು ಸಿಗುತ್ತವೆ. ಪ್ರತಿ ವಸ್ತುವಿಗೂ ನಾಲ್ಕಂಕಿಯ ಒಂದು ಸಂಖ್ಯೆ ಇದೆ. ನನ್ನ ಮೀನಿನ ಬಾಟಲಿಯ ಸ್ಪಿರಿಟ್ಟು ಯುಎನ್ 1170, ಅಸಿಟೋನ್ ಯುಎನ್ 1090, ಡ್ರೈ ಐಸ್ ಯುಎನ್ 1845. ಹುಬ್ಬಳ್ಳಿಯ ಗೋದಾಮಿನಲ್ಲಾಗಲಿ ಹ್ಯಾಂಬರ್ಗಿನ ಬಂದರಿನಲ್ಲಾಗಲಿ, ಪೆಟ್ಟಿಗೆ ಸೋರಿದಾಗ ಅಗ್ನಿಶಾಮಕ ದಳದವರು ಮೊದಲು ಹುಡುಕುವುದು ಈ ಸಂಖ್ಯೆಯನ್ನೇ.

ಕಾಲ ಕಳೆದಂತೆ ಗುಂಪೇ ಬದಲಾಗುವುದೂ ಉಂಟು. ಪಿಕ್ರಿಕ್ ಆಸಿಡ್ ಎಂಬ ಹಳದಿ ಪುಡಿ ಹಳೆಯ ರಸಾಯನ ವಿಭಾಗಗಳ ಕಪಾಟಿನಲ್ಲಿ ಅಪರೂಪವಲ್ಲ. ಅದರಲ್ಲಿ ನೀರಿನಂಶ ಶೇ 30ಕ್ಕಿಂತ ಕಡಿಮೆಯಾಗದಿದ್ದರೆ ಹೊತ್ತಿಕೊಳ್ಳುವ ಘನವಸ್ತುಗಳ ಸಾಲಿಗೆ ಸೇರುತ್ತದೆ. ಮುಚ್ಚಳ ಸಡಿಲವಾಗಿ, ಬೇಸಿಗೆ ಮೇಲೆ ಬೇಸಿಗೆ ಕಳೆದು ಒಣಗಿತೋ, ಅದೇ ಬಾಟಲಿ ಸ್ಫೋಟಕ. ಮೇಲಿನ ಚೀಟಿಯಲ್ಲಿ ಹೆಸರು ಅದೇ ಇರುತ್ತದೆ. ಇಂಥ ಬಾಟಲಿಯನ್ನು ಎತ್ತಬಾರದು, ಮುಚ್ಚಳ ತಿರುವಲೂಬಾರದು; ತಿಳಿದವರನ್ನು ಕರೆಸಬೇಕು.

ಮರದ ಹೊಟ್ಟು ತಂದ ಕಾನೂನು

1973ರ ನವೆಂಬರ್ 3. ಪ್ಯಾನ್ ಆ್ಯಮ್ ಕಂಪನಿಯ ಸರಕು ವಿಮಾನವೊಂದು ನ್ಯೂಯಾರ್ಕಿನಿಂದ ಸ್ಕಾಟ್ಲೆಂಡಿನ ಕಡೆ ಹೊರಟಿತ್ತು. ಸರಕಿನಲ್ಲಿ ನೈಟ್ರಿಕ್ ಆಸಿಡ್ ಬಾಟಲಿಗಳಿದ್ದವು. ಬಾಟಲಿ ಒಡೆಯದಿರಲೆಂದು ಪ್ಯಾಕ್ ಮಾಡಿದವರು ಸುತ್ತ ಮರದ ಹೊಟ್ಟು ತುಂಬಿದ್ದರು. ಮಾವಿನಹಣ್ಣಿಗೆ ಹುಲ್ಲು ಹಾಸುವ ಹಾಗೆ, ನೋಡಲು ಎಷ್ಟು ವಿವೇಕದ ಕೆಲಸ! ಆದರೆ ನೈಟ್ರಿಕ್ ಆಸಿಡ್ ಮರದ ಪುಡಿಗೆ ತಗುಲಿದರೆ ತಾನೇ ಬಿಸಿಯೇರಿ ಹೊಗೆಯಾಡುತ್ತದೆ, ಹೊತ್ತಿಕೊಳ್ಳಲೂಬಹುದು. ಅದಕ್ಕೆ ಹಾಕಬೇಕಾದದ್ದು ವರ್ಮಿಕ್ಯುಲೈಟಿನಂಥ, ಆಸಿಡ್ಡಿನೊಡನೆ ಕಾದಾಡದ ಖನಿಜ. ವಿಮಾನದೊಳಗೆ ಹೊಗೆ ತುಂಬಿತು. ಪೈಲಟ್‌ಗಳು ಬಾಸ್ಟನ್ನಿಗೆ ತಿರುಗಿಸಿದರೂ ರನ್‌ವೇ ಮುಟ್ಟುವ ಮೊದಲೇ ವಿಮಾನ ನೆಲಕ್ಕಪ್ಪಳಿಸಿ ಮೂವರೂ ಸತ್ತರು. ಸೋರಿದ ಆಸಿಡ್ಡೂ ಹೊಟ್ಟೂ ಸೇರಿ ಹೊಗೆ ಎದ್ದಿರಬೇಕೆಂದು ತನಿಖೆ ಹೇಳಿತು. ಅಪಾಯಕಾರಿ ಸರಕು ಸಾಗಣೆಗೆಂದೇ ಅಮೆರಿಕದಲ್ಲಿ ಸಮಗ್ರ ಕಾನೂನು ಬಂದದ್ದು ಇದಾದ ಮೇಲೆ, 1975ರ ಜನವರಿಯಲ್ಲಿ.

ಇನ್ನೊಂದು ದುರಂತ 1996ರ ಮೇ 11ರದು. ಮಯಾಮಿಯಿಂದ ಅಟ್ಲಾಂಟಾಕ್ಕೆ ಹೊರಟ ವ್ಯಾಲ್ಯೂಜೆಟ್ ವಿಮಾನಕ್ಕೆ ಕೆಲವು ಪೆಟ್ಟಿಗೆಗಳನ್ನು ಏರಿಸಿದ್ದರು. ಒಳಗಿದ್ದವು ಬೇರೆ ವಿಮಾನಗಳಿಂದ ಕಳಚಿದ, ಅವಧಿ ಮೀರಿದ ಆಮ್ಲಜನಕ ಉತ್ಪಾದಕಗಳು. ಒಳಗಿನ ಕಿಡಿ ಸಿಡಿದರೆ ಅವು ಸುಡುವಷ್ಟು ಕಾಯುತ್ತ ಆಮ್ಲಜನಕ ಉಗುಳುತ್ತವೆ. ಕಿಡಿ ತಡೆಯುವ ಪುಟ್ಟ ಪ್ಲಾಸ್ಟಿಕ್ ಟೊಪ್ಪಿಗೆಗಳನ್ನು ಹಾಕಿರಲಿಲ್ಲ. ಜೊತೆಗಿದ್ದ ಕಾಗದದಲ್ಲಿ ಮಾತ್ರ ‘ಖಾಲಿ’ ಎಂದು ಬರೆದಿತ್ತು. ಖಾಲಿ ಡಬ್ಬಿಯನ್ನು ಯಾರು ಅನುಮಾನಿಸುತ್ತಾರೆ? ಎವರ್‌ಗ್ಲೇಡ್ಸ್ ಜೌಗಿನಲ್ಲಿ 110 ಮಂದಿಯೂ ಸತ್ತರು.

ಈ ಎರಡರಲ್ಲೂ ತಪ್ಪು ನಡೆದದ್ದು ನೆಲದ ಮೇಲೆ, ಪ್ಯಾಕ್ ಮಾಡುವ ಮೇಜಿನ ಮುಂದೆ. ಬೆಲೆ ತೆತ್ತವರು ಆ ಮೇಜನ್ನು ಕಂಡವರೇ ಅಲ್ಲ.

ಮೂರು ಪದರದ ಪೆಟ್ಟಿಗೆ

ಸರಿಯಾಗಿ ಪ್ಯಾಕ್ ಮಾಡುವುದನ್ನು ನಾನು ಕಲಿತದ್ದು ಮುಂದೆ ಕೆಲಸಕ್ಕೆ ಸೇರಿದ ಪ್ರಯೋಗಾಲಯದಲ್ಲಿ. ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಹಿರಿಯ ತಂತ್ರಜ್ಞೆಯೊಬ್ಬರಿದ್ದರು. ರೋಗಿಗಳ ರಕ್ತದ ಸೀರಂ ಬೇರೆ ಊರಿಗೆ ಕಳಿಸುವ ದಿನ ಅವರ ಮೇಜಿನ ಮೇಲೆ ಬೇರೇನೂ ಇರುವಂತಿರಲಿಲ್ಲ.

ಮೊದಲು ಸೀರಂ ಇರುವ ಪುಟ್ಟ ಟ್ಯೂಬು. ಮುಚ್ಚಳ ಬಿಗಿಮಾಡಿ, ತಲೆಕೆಳಗಾಗಿ ಹಿಡಿದು, ಬೆಳಕಿಗೊಡ್ಡಿ ನೋಡುವರು. ಆಮೇಲೆ ಮುಚ್ಚಳದಂಚಿಗೆ ಪ್ಯಾರಾಫಿಲ್ಮ್ ಎಳೆದು ಸುತ್ತುವರು. ಟ್ಯೂಬುಗಳು ಒಂದಕ್ಕೊಂದು ತಾಗದಂತೆ ಪ್ರತ್ಯೇಕವಾಗಿ ಸುತ್ತಿ, ಎಲ್ಲ ಒಡೆದರೂ ಪೂರಾ ದ್ರವ ಹೀರುವಷ್ಟು ಹತ್ತಿ ಇಡುವರು. ಇದೆಲ್ಲ ಸೋರದ ಎರಡನೇ ಡಬ್ಬಿಯೊಳಗೆ. ಈ ಎರಡು ಪದರಗಳಲ್ಲಿ ಒಂದಾದರೂ 95 ಕಿಲೊಪ್ಯಾಸ್ಕಲ್ ಒತ್ತಡದ ವ್ಯತ್ಯಾಸಕ್ಕೆ ಸೋರದೆ ನಿಲ್ಲಬೇಕು, ಏಕೆಂದರೆ ವಿಮಾನ ಮೇಲೇರಿದಂತೆ ಹೊರಗಿನ ಒತ್ತಡ ತಗ್ಗಿ ಒಳಗಿನದು ಮುಚ್ಚಳವನ್ನು ತಳ್ಳುತ್ತದೆ. ಒಳಗೇನಿದೆ, ಎಷ್ಟಿದೆ ಎಂಬ ಪಟ್ಟಿಯನ್ನು ಎರಡನೇ ಡಬ್ಬಿಗೂ ಹೊರಪೆಟ್ಟಿಗೆಗೂ ನಡುವೆ ಇಡುವರು. ಪಟ್ಟಿ ಓದಲು ಯಾರೂ ಟ್ಯೂಬು ಮುಟ್ಟಬೇಕಾಗಬಾರದು. ಮೂರನೆಯದು ಗಟ್ಟಿಯಾದ ಹೊರಪೆಟ್ಟಿಗೆ. ಸಾಧಾರಣ ರೋಗಿಯ ಮಾದರಿಗಾದರೆ ಈ ಪ್ಯಾಕಿಂಗ್ 1.2 ಮೀಟರ್ ಎತ್ತರದಿಂದ ಬಿದ್ದರೂ ಒಳಗಿನದು ಹೊರಬರಬಾರದು. ಅದು ಹೆಚ್ಚುಕಡಿಮೆ, ಹೊತ್ತವರ ಎದೆಯ ಮಟ್ಟದಿಂದ ಜಾರಿ ಬೀಳುವ ಎತ್ತರ.

ಪೆಟ್ಟಿಗೆಯ ಮೇಲೆ ವಜ್ರಾಕಾರದ ಚೌಕಟ್ಟು, ಒಳಗೆ ಯುಎನ್ 3373. ಪಕ್ಕದಲ್ಲಿ ಹೊಣೆ ಹೊತ್ತವರ ಹೆಸರು, ಫೋನ್ ನಂಬರು. ಅಕ್ಕ ತಮ್ಮ ನಂಬರನ್ನೇ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದರು. ಪೆಟ್ಟಿಗೆ ತಲುಪಿತೆಂದು ಆ ಕಡೆಯಿಂದ ತಿಳಿಯುವವರೆಗೆ ಆ ಫೋನ್ ಆಫ್ ಆಗುತ್ತಿರಲಿಲ್ಲ. ‘ರಾತ್ರಿ ಎರಡು ಗಂಟೆಗೆ ಲೋಡರ್ ಒಬ್ಬರು ಇದನ್ನ ಎತ್ತಿಕೊಳ್ತಾರೆ. ಕೈ ಒದ್ದೆಯಾದರೆ ಅವರು ಯಾರನ್ನ ಕೇಳಬೇಕು?’ ಎನ್ನುತ್ತಿದ್ದರು.

ಎಲ್ಲ ರಕ್ತವೂ ಒಂದೇ ಅಲ್ಲ. ಡೆಂಗಿ ಇರಬಹುದೆಂದು ತೆಗೆದ ರಕ್ತಕ್ಕೆ ಮೇಲಿನ ಪೆಟ್ಟಿಗೆ ಸಾಕು. ಆದರೆ ಮಲೆನಾಡಿನ ರೋಗಿಗೆ ಮಂಗನ ಕಾಯಿಲೆ ಎಂಬ ಅನುಮಾನವಿದ್ದರೆ ಲೆಕ್ಕವೇ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಗುರುತಿಸಿದ ವೈರಸ್ ಅದು. ನಮ್ಮ ಕಾಡಿನ ಹೆಸರು ಹೊತ್ತ ಆ ವೈರಸ್ ಇಂದು ಎಬೋಲಾ, ಲಸ್ಸಾಗಳ ಜೊತೆ ಯುಎನ್ 2814ರ ಅಡಿಯಲ್ಲಿ, ಸಾಗಣೆಯ ಅತಿ ಕಟ್ಟುನಿಟ್ಟಿನ ‘ಎ’ ವರ್ಗದಲ್ಲಿದೆ. ಅದರ ಪೆಟ್ಟಿಗೆ 9 ಮೀಟರ್ ಎತ್ತರದಿಂದ ಬೀಳುವ ಪರೀಕ್ಷೆ ಗೆದ್ದಿರಬೇಕು. ತರಬೇತಿ ಪಡೆದವರು ಸಹಿ ಮಾಡಿದ ಘೋಷಣಾ ಪತ್ರ ಜೊತೆಗಿರಬೇಕು. ಕಣ್ಣಿಗೆ ಎರಡೂ ಕೆಂಪು ಟ್ಯೂಬುಗಳೇ. ವ್ಯತ್ಯಾಸ ಇರುವುದು ಕಳಿಸುವವರ ತಿಳಿವಳಿಕೆಯಲ್ಲಿ. ಅವರು ಅದನ್ನು ಹೇಳದೆ ಹೋದರೆ ಜಗತ್ತಿನಲ್ಲಿ ಇನ್ಯಾರೂ ಹೇಳಲಾರರು.

ಉಸಿರಾಡಬೇಕಾದ ಪೆಟ್ಟಿಗೆ

ಮಾದರಿ ಕೆಡದಿರಲು ಹಾಕುವ ಡ್ರೈ ಐಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಇದು ನೀರಿನ ಮಂಜುಗಡ್ಡೆಯಲ್ಲ, ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ಮೈನಸ್ 78.5 ಡಿಗ್ರಿಯಲ್ಲಿ, ಕರಗಿ ನೀರಾಗದೆ ನೇರ ಅನಿಲವಾಗುತ್ತದೆ. ಒಂದು ಕೆ.ಜಿ. ಡ್ರೈ ಐಸ್‌ನಿಂದ 500 ಲೀಟರಿಗೂ ಹೆಚ್ಚು ಅನಿಲ ಹೊರಡುತ್ತದೆ. ಅಂದರೆ ಎರಡೂವರೆ ಡ್ರಮ್ಮು. ಸ್ಕ್ರೂ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಬಿಗಿದರೆ ಅದು ಬಾಂಬ್ ಆಗುತ್ತದೆ. ಗಾಳಿಯಾಡದ ಕಾರಿನಲ್ಲೋ ಸಣ್ಣ ಕೋಣೆಯಲ್ಲೋ ಇಟ್ಟರೆ ಬಣ್ಣ ವಾಸನೆಯಿಲ್ಲದ ಅನಿಲ ತುಂಬಿ ಉಸಿರು ಕಟ್ಟುತ್ತದೆ.

ಹಾಗಾಗಿ ಡ್ರೈ ಐಸ್ ಎರಡನೇ ಡಬ್ಬಿಯ ಹೊರಗೆ, ಥರ್ಮೋಕೋಲ್ ಪೆಟ್ಟಿಗೆಯ ಒಳಗೆ ಇರಬೇಕು. ಥರ್ಮೋಕೋಲ್ ಮುಚ್ಚಳಕ್ಕೆ ಟೇಪ್ ಸುತ್ತಿ ಬಿಗಿಯಬಾರದು. ಅನಿಲ ಹೊರಹೋಗಲು ಸಂದು ಬಿಡಬೇಕು. ಐಸ್ ಆವಿಯಾದ ಮೇಲೆ ಒಳಗಿನ ಡಬ್ಬಿ ಗಡಗಡ ಉರುಳದಂತೆ ಆಧಾರ ಕೊಡಬೇಕು. ಎಷ್ಟು ಕೆ.ಜಿ. ಇದೆ ಎಂದು ಹೊರಗೆ ಬರೆಯಬೇಕು. ವಿಮಾನದಲ್ಲಿ ಯಾವ ಅಂಕಣಕ್ಕೆ ಎಷ್ಟು ಪೆಟ್ಟಿಗೆ ಹಾಕಬಹುದೆಂದು ಲೆಕ್ಕ ಹಾಕುವವರಿಗೆ ಬೇಕಾದದ್ದು ಆ ಅಂಕಿಯೇ.

ಹೊಣೆ ಯಾರದು

ನಮ್ಮ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅಪಾಯಕಾರಿ ಸರಕು ರಸ್ತೆಯಲ್ಲಿ ಹೋಗುವಾಗ ಅದರ ಪೂರ್ಣ ವಿವರವನ್ನು ಸಾಗಿಸುವವರಿಗೆ ಕೊಡುವ ಹೊಣೆ ಕಳಿಸುವವರದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಅಪಘಾತವಾದರೆ ಏನು ಮಾಡಬೇಕೆಂಬ ಟ್ರೆಮ್ ಕಾರ್ಡ್ ಡ್ರೈವರ್ ಬಳಿ ಇರಬೇಕು. ರೈಲಿನಲ್ಲಿ ಹೇಳದೆ ಒಯ್ದರೆ 1989ರ ರೈಲ್ವೆ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು. ವಿಮಾನಕ್ಕೆ 2003ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. ವಿಮಾನದ ಸರಕಿಗೆ ಸಹಿ ಹಾಕುವವರು ಎರಡು ವರ್ಷಕ್ಕೊಮ್ಮೆ ಮತ್ತೆ ತರಬೇತಿ ಪಡೆಯಬೇಕು. ಅಂಚೆಯಲ್ಲಂತೂ ಸ್ಫೋಟಕ, ಹೊತ್ತಿಕೊಳ್ಳುವ ವಸ್ತು ಹಾಕುವಂತೆಯೇ ಇಲ್ಲ.

ಆದರೆ ವಿಭಾಗದ ಕಾರಿಡಾರಿನಲ್ಲಿ ನಿಂತ ವಿದ್ಯಾರ್ಥಿಗೆ ಈ ಕಾನೂನು ಕಾಣುವುದಿಲ್ಲ. ಕಾಣುವುದು ಗೈಡ್ ಹೇಳಿದ ಗಡುವು ಮತ್ತು ಖಾಲಿ ಬಿಸ್ಕತ್ತಿನ ಪೆಟ್ಟಿಗೆ. ಅವರನ್ನು ಬೈದು ಫಲವಿಲ್ಲ, ಸಂಸ್ಥೆ ದಾರಿ ಮಾಡಿಕೊಡಬೇಕು. ಕ್ಯಾಂಪಸ್ಸಿನಿಂದ ಹೊರಹೋಗುವ ಪ್ರತಿ ಮಾದರಿ, ರಾಸಾಯನಿಕ, ಬ್ಯಾಟರಿ ತರಬೇತಿ ಪಡೆದ ಒಬ್ಬರ ಕಣ್ಣು ದಾಟಿಯೇ ಹೋಗಬೇಕು. ಯೋಜನೆಯ ಬಜೆಟ್ಟಿನಲ್ಲಿ ರಾಸಾಯನಿಕ ಕೊಳ್ಳುವ ಹಣದ ಪಕ್ಕದಲ್ಲೇ ಅದನ್ನು ಕಳಿಸುವ, ವಿಲೇವಾರಿ ಮಾಡುವ ಹಣವೂ ಇರಬೇಕು. ಪ್ರಾಧ್ಯಾಪಕರು ನಿವೃತ್ತರಾಗುವ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಕೊಡುತ್ತೇವೆ. ಅದಕ್ಕೂ ಮೊದಲು ಅವರ ಕೋಣೆ, ಕಪಾಟು, ಯಂತ್ರಗಳ ಮುಂದೆ ಅವರೊಡನೆ ನಿಂತು ಒಂದೊಂದರ ಒಳಗೂ ಏನಿದೆಯೆಂದು ಬರೆದುಕೊಳ್ಳಬೇಕು. ಆ ಪಟ್ಟಿಗೆ ಸಹಿ ಬೀಳದೆ ಯಾವ ಹಳೆ ಸಾಮಾನೂ ಹರಾಜಿಗೆ ಹೋಗಬಾರದು. ಈ ಒಂದು ಪದ್ಧತಿ ಇದ್ದಿದ್ದರೆ ಮಾಯಾಪುರಿಯ ಕಾರ್ಮಿಕ ಬದುಕಿರುತ್ತಿದ್ದರು.

ಕಳಿಸಲೇಬೇಕೆ ಎಂದು ಕೇಳಿಕೊಳ್ಳುವುದೂ ಸುರಕ್ಷತೆಯೇ. ಎಷ್ಟೋ ಪರೀಕ್ಷೆಗಳಿಗೆ ದ್ರವ ರಕ್ತ ಬೇಡ, ಕಾಗದದ ಮೇಲೆ ಒಣಗಿಸಿದ ಒಂದು ತೊಟ್ಟು ಸಾಕು. ಅಂಥ ಒಣ ತೊಟ್ಟಿಗೆ ಸಾಮಾನ್ಯವಾಗಿ ಈ ನಿಯಮಗಳೇ ಅನ್ವಯಿಸುವುದಿಲ್ಲ. ನನ್ನ ಮೀನುಗಳನ್ನೇ ತೆಗೆದುಕೊಳ್ಳಿ. ಸ್ಪಿರಿಟ್ಟಿನಲ್ಲಿ ನೆನೆದ ಮೇಲೆ ತೆಗೆದು, ಸ್ಪಿರಿಟ್ ಒದ್ದೆಯ ಬಟ್ಟೆಯಲ್ಲಿ ಸುತ್ತಿ, ಒಳಗೆ 30 ಮಿಲಿಲೀಟರ್ ಮೀರದಷ್ಟೇ ದ್ರವ ಉಳಿಯುವಂತೆ ಪ್ಲಾಸ್ಟಿಕ್ ಚೀಲದಲ್ಲಿ ಶಾಖದಿಂದ ಮುಚ್ಚಿ, ಮತ್ತೊಂದು ಚೀಲದಲ್ಲಿ ಹೀರುವ ವಸ್ತುವಿನ ಜೊತೆ ಇಟ್ಟು, ಗಟ್ಟಿ ಪೆಟ್ಟಿಗೆಗೆ ಹಾಕಿದರೆ ವಿಮಾನದಲ್ಲೂ ಒಯ್ಯಲು ಅವಕಾಶವಿದೆ. ನಾಲ್ಕು ಬಾಟಲಿ ಸ್ಪಿರಿಟ್ಟು ಆ ಬಸ್ಸು ಹತ್ತಬೇಕಾಗಿಯೇ ಇರಲಿಲ್ಲ.

ಆ ರಾತ್ರಿ ‘ಅಣ್ಣ, ಇದರಲ್ಲಿ ಸ್ಪಿರಿಟ್ ಇದೆ, ಬೆಂಕಿ ತಾಗಿದರೆ ಹೊತ್ತಿಕೊಳ್ಳುತ್ತೆ’ ಎಂದು ಹೇಳಿದ್ದರೆ ಏನಾಗುತ್ತಿತ್ತು? ‘ಹಂಗಾದ್ರೆ ಬೇಡಪ್ಪ, ಇಳಿಸ್ಕೊ’ ಎನ್ನುತ್ತಿದ್ದರು. ಹಾಗನ್ನುತ್ತಾರೆಂದು ಗೊತ್ತಿದ್ದೇ ನಾನು ಹೇಳಲಿಲ್ಲ. ನಾನು ಅವರಿಂದ ಕಿತ್ತುಕೊಂಡದ್ದು ಬೇಡ ಎನ್ನುವ ಅವರ ಹಕ್ಕನ್ನು. ವಜ್ರಾಕಾರದ ಚೀಟಿ, ನಾಲ್ಕಂಕಿಯ ಸಂಖ್ಯೆ, ದಪ್ಪಗೆ ಬರೆದ ಫೋನ್ ನಂಬರು, ಇವೆಲ್ಲ ಇರುವುದು ಆ ಹಕ್ಕನ್ನು ಅವರಿಗೆ ಮರಳಿ ಕೊಡಲು. ಒಳಗೇನಿದೆ ಎಂದು ಯಾರಾದರೂ ಕೇಳಿದರೆ ಅವರು ನಮ್ಮ ಹೊರೆಗೆ ಹೆಗಲು ಕೊಡಲು ಮುಂದೆ ಬಂದವರು. ಅವರಿಗೆ ನಿಜ ಹೇಳೋಣ.